ಕಿಕ್‌ಬಾಕ್ಸಿಂಗಿನ ಎರಡು ಸಂಪ್ರದಾಯಗಳು

ಥಾಯ್ಲೆಂಡಿನ ಮುಯ್ ಥಾಯ್‌ಗೂ ಡಚ್ಚರ ಕಿಕ್‌ಬಾಕ್ಸಿಂಗಿಗೂ ನಂಟುಂಟು. 1960ರ ದಶಕದಲ್ಲಿ ಜಪಾನೀಯರು ಥಾಯ್ ಕಾಳಗವನ್ನು ಕರಾಟೆಯೊಡನೆ ಬೆಸೆದರು. 1970ರ ದಶಕದಲ್ಲಿ ಆ ವಿದ್ಯೆ ಆಮ್‌ಸ್ಟರ್‌ಡ್ಯಾಮನ್ನು ಸೇರಿತು. ಆದರೂ ಅಭ್ಯಾಸಕ್ರಮಗಳು ಬೇರೆಯಾದುವು.

ಬ್ಯಾಂಕಾಕಿನ ಸಾಂಪ್ರದಾಯಿಕ ಕಣಗಳಲ್ಲಿ ಒದೆತಕ್ಕೂ ಮೊಣಕಾಲ ಪೆಟ್ಟಿಗೂ ಮುಷ್ಟಿಗಿಂತ ಹೆಚ್ಚು ಬೆಲೆ. ಕೊರಳನ್ನು ಹಿಡಿದು ಸೆಣಸಲು ಅವಕಾಶವುಂಟು. ಆದುದರಿಂದ ಥಾಯ್ ಪಟುವು ದಿನವೂ ಗುರುವು ಒಡ್ಡಿದ ಮೆತ್ತೆಗೆ ಒದೆಯುತ್ತಾನೆ, ಬಹುಹೊತ್ತು ಕೊರಳಹಿಡಿತವನ್ನು ಸಾಧಿಸುತ್ತಾನೆ. ಕಿಕ್‌ಬಾಕ್ಸಿಂಗಿನ ಕಣದಲ್ಲಿ ಹಿಡಿತಕ್ಕೆ ಎಡೆ ಅತ್ಯಲ್ಪ, ಮೊಣಕೈ ಸಾಮಾನ್ಯವಾಗಿ ನಿಷಿದ್ಧ. ಅಂತೆಯೇ ಡಚ್ಚರು ಕೈಗವಸು ತೊಟ್ಟು, ಜೊತೆಗಾರನೊಡನೆ, ಮುಷ್ಟಿಗಳ ಸರಣಿಯನ್ನು ತೊಡೆಯ ಮೇಲಣ ಒದೆತದಿಂದ ಮುಗಿಸುವುದನ್ನು ರೂಢಿಸಿಕೊಳ್ಳುತ್ತಾರೆ.

ಈ ಭೇದವನ್ನು ಜನಾಂಗದ ಗುಣವೆಂದು ಬಗೆಯುವುದು ಸಲ್ಲದು. ನಿಯಮವು ಅಭ್ಯಾಸವನ್ನು ತಿದ್ದುತ್ತದೆ, ಅಭ್ಯಾಸವು ದೇಹವನ್ನು. ಕಣದಲ್ಲಿ ಬೆಲೆಯಿಲ್ಲದ ಪಟ್ಟನ್ನು ಗುರುವು ಕಲಿಸನು, ಶಿಷ್ಯನು ಮರೆಯುವನು. ನಿಯಮ ಬರೆಯುವವರ ಹೊಣೆ ಅಷ್ಟು ದೊಡ್ಡದು.