ಹಾಡಿಗೂ ಬೇಕು ಒಂದು ಚೀಟಿ

ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಹಾಡು, ಹರಿಹರದ ಕಡೆಯ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಟ್ಟರೆ ಸಾಲದೇ? ಜೊತೆಗೆ ವಿವರವನ್ನೂ ಏಕೆ ಬರೆದಿಡಬೇಕು?

ಸಾಲದು. ಎಪಿಎಂಸಿ ಅಂಗಳದಲ್ಲಿ ಸಾಲಾಗಿಟ್ಟ ಮೆಕ್ಕೆಜೋಳದ ಚೀಲಗಳನ್ನು ನೆನೆಸಿಕೊಳ್ಳಿ. ಚೀಟಿ ಹರಿದುಹೋದರೆ ಕಾಳೇನೂ ಕೆಡದು. ಆದರೆ ಯಾವ ಊರಿನದು, ಯಾರದು ಎಂದು ಹೇಳುವವರಿಲ್ಲ. ‘ಆಡಿಯೋ 47’ ಎಂದಷ್ಟೇ ಹೆಸರಿರುವ ಕಡತದ ಗತಿಯೂ ಅದೇ. ಆ ಚೀಟಿಯೇ ಮೆಟಾಡೇಟಾ.

ಮೊದಲು ಹಾಡಿದವರು, ಊರು, ದಿನಾಂಕ, ಭಾಷೆ ದಾಖಲಾಗಬೇಕು. ಗ್ರಂಥಾಲಯಗಳು ಬಳಸುವ ಡಬ್ಲಿನ್ ಕೋರ್ ಪಟ್ಟಿಯ 15 ಅಂಶಗಳಲ್ಲಿ ಇವು ಹಿಡಿಸುತ್ತವೆ. ಆದರೆ ಸೋಬಾನೆ ಪುಸ್ತಕವಲ್ಲ, ಬದುಕಿರುವ ಆಚರಣೆ. ಹಾಗಾಗಿ ಎರಡನೆಯ ಹಂತ: ಅರಿಸಿನ ಹಚ್ಚುವಾಗ ಹಾಡುವುದೋ, ಹೆಣ್ಣು ಒಪ್ಪಿಸುವಾಗಲೋ? ಅವ್ವನಿಂದ ಕಲಿತದ್ದೋ, ಅತ್ತೆಯಿಂದಲೋ? ಎಲ್ಲರಿಗೂ ಕೇಳಿಸಲು ಹಾಡಿದವರ ಒಪ್ಪಿಗೆ ಇದೆಯೇ?

ಮೂರನೆಯದು ಹೆಸರುಗಳ ಜೋಡಣೆ. ಒಬ್ಬರು ‘ದುಗ್ಗಮ್ಮ’ ಎಂದು ಹುಡುಕಿದರೆ ಇನ್ನೊಬ್ಬರು ‘ದುರ್ಗಾಂಬಿಕಾ’ ಎನ್ನುತ್ತಾರೆ. ಎರಡೂ ಒಂದೇ ಎಂದು ಬರೆದಿಟ್ಟರೆ ಮಾತ್ರ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ನಿಮ್ಮ ಅಜ್ಜಿಯ ಹಾಡು ಧ್ವನಿಮುದ್ರಿಸಿದ ದಿನವೇ ಇಷ್ಟನ್ನೂ ಕೇಳಿ ಬರೆದಿಡಿ. ದನಿ ಯಂತ್ರದಲ್ಲಿ ಉಳಿಯುತ್ತದೆ; ಅದರ ಅರ್ಥ ಉಳಿಯುವುದು ಈ ನಾಲ್ಕು ಸಾಲುಗಳಲ್ಲಿ.