ಮುಕ್ತ ಇಆರ್‌ಪಿ: ಒಪ್ಪುವ ಮುನ್ನ

ಖರೀದಿ, ದಾಸ್ತಾನು, ಮಾರಾಟ, ಲೆಕ್ಕಪತ್ರಗಳನ್ನು ಒಂದೇ ದತ್ತಸಂಚಯದಲ್ಲಿ ಬೆಸೆಯುವ ತಂತ್ರಾಂಶವನ್ನು ಇಆರ್‌ಪಿ ಎನ್ನುತ್ತಾರೆ. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಲು ಪರವಾನಗಿ ಇದ್ದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ.

ಮುಂಬೈಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಇಡಿಯಾಗಿ ಜಿಪಿಎಲ್ 3 ಪರವಾನಗಿಯಡಿ ದೊರೆಯುತ್ತದೆ. ಬೆಲ್ಜಿಯಂ ಮೂಲದ ಓಡೂವಿನ ಉಚಿತ ಕಮ್ಯುನಿಟಿ ಆವೃತ್ತಿಯಲ್ಲಾದರೋ ಬಿಲ್ ಸಿದ್ಧಪಡಿಸಬಹುದಾದರೂ, ಪೂರ್ಣ ಲೆಕ್ಕಪತ್ರ ವಿಭಾಗವು ಹಣ ತೆರಬೇಕಾದ ಎಂಟರ್‌ಪ್ರೈಸ್ ಆವೃತ್ತಿಗೆ ಮೀಸಲಾಗಿದೆ. ಆದ್ದರಿಂದ ‘ಮುಕ್ತ’ವೆಂಬ ಹಣೆಪಟ್ಟಿಗಿಂತ ಯಾವ ವಿಭಾಗ ಯಾವ ಆವೃತ್ತಿಯಲ್ಲಿದೆ ಎಂಬುದೇ ಮೊದಲು ಪರಿಶೀಲನಾರ್ಹ.

ಭಾರತದಲ್ಲಿ ಕಾನೂನಿನ ಒರೆಗಲ್ಲು ಇನ್ನೂ ಕಠಿಣವಾದುದು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕಸಹಿತ ದಾಖಲಿಸಬೇಕು ಮತ್ತು ಆ ದಾಖಲಾತಿಯನ್ನು ಯಾರೂ ನಿಲ್ಲಿಸುವಂತಿರಬಾರದು. ಸಂಕೇತವೂ ಸರ್ವರ್ ಕೂಡ ಬಳಕೆದಾರರ ಕೈಯಲ್ಲೇ ಇರುವಾಗ, ದತ್ತಸಂಚಯವನ್ನು ನೇರವಾಗಿ ತಿದ್ದಬಲ್ಲವರು ಯಾರು ಎಂಬ ಪ್ರಶ್ನೆಗೆ ಲೆಕ್ಕಪರಿಶೋಧಕರ ಮುಂದೆ ಉತ್ತರವಿರಬೇಕಾಗುತ್ತದೆ. ಇಆರ್‌ಪಿನೆಕ್ಸ್ಟ್‌ನ ಜಿಎಸ್‌ಟಿ ಸೌಲಭ್ಯವಂತೂ ಪ್ರತ್ಯೇಕ ಆ್ಯಪ್ ಆಗಿರುವುದರಿಂದ ಅದರ ನವೀಕರಣದ ಮೇಲೂ ಕಣ್ಣಿಡಬೇಕು.

ಬ್ಯಾಕಪ್, ತರಬೇತಿ, ಆವೃತ್ತಿ ಬದಲಾವಣೆಗಳ ಖರ್ಚು ಪರವಾನಗಿ ಶುಲ್ಕದಾಚೆಗಿನದು. ಒಂದು ತಿಂಗಳ ನಿಜವಾದ ವಹಿವಾಟನ್ನು ಹಳೆಯ ಮತ್ತು ಹೊಸ ತಂತ್ರಾಂಶಗಳೆರಡರಲ್ಲೂ ನಮೂದಿಸಿ, ಖಾತೆಗಳ ಶಿಲ್ಕುಗಳನ್ನು ಒಟ್ಟುಗೂಡಿಸುವ ತಾಳೆಪಟ್ಟಿಗಳು ಒಂದಕ್ಕೊಂದು ಹೊಂದುವವರೆಗೆ ಹಳೆಯದನ್ನು ಕೈಬಿಡದಿರುವುದು ಲೇಸು.