ಬೆಲ್ಲಕ್ಕೆ ಬೆಲೆ ಕಟ್ಟುವವರು ಯಾರು?

ನಂಜನಗೂಡು, ತಿ. ನರಸೀಪುರದ ಕಡೆ ಬೆಳೆದ ಕಬ್ಬಿಗೆ ಎರಡು ದಾರಿ. ಒಂದು ಅಳಗಂಚಿಯ ಸಕ್ಕರೆ ಕಾರ್ಖಾನೆ, ಇನ್ನೊಂದು ಊರಿನ ಆಲೆಮನೆ. ಕಾರ್ಖಾನೆ ಕೊಡಬೇಕಾದ ಕನಿಷ್ಠ ದರವನ್ನು ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. 2025–26ರ ಹಂಗಾಮಿಗೆ, ಶೇಕಡ 10.25 ಸಕ್ಕರೆ ಇಳುವರಿಯ ಕಬ್ಬಿಗೆ, ಅದು ಟನ್ನಿಗೆ 3,550 ರೂಪಾಯಿ. ಬೆಲ್ಲಕ್ಕೆ ಅಂಥ ದರವಿಲ್ಲ. ಅದರ ಬೆಲೆ ಮಂಡಿಯಲ್ಲಿ ದಿನಕ್ಕೊಂದು.

ಲೆಕ್ಕ ಹಾಕಿ ನೋಡೋಣ. ಟನ್ ಕಬ್ಬಿನಿಂದ ಸಿಗುವ ಬೆಲ್ಲ ಸುಮಾರು 100 ಕಿಲೋ. ಕಬ್ಬು 3,000 ರೂಪಾಯಿಗೇ ಸಿಕ್ಕಿತೆನ್ನಿ. ಕಿಲೋ ಬೆಲ್ಲದಲ್ಲಿ ಕಬ್ಬಿನ ಪಾಲೇ 30 ರೂಪಾಯಿ. ಅರೆಯುವ, ಪಾಕ ಕಾಯಿಸುವ ಕೂಲಿ ಬೇರೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಉರುವಲಾಗುವುದರಿಂದ ಅಷ್ಟು ಉಳಿತಾಯ. ಆದರೆ ಕಾರ್ಖಾನೆಗೆ ಸಕ್ಕರೆಯ ಜೊತೆಗೆ ಕಾಕಂಬಿಯ ಆದಾಯವೂ ಉಂಟು; ಆಲೆಮನೆಗೆ ಬೆಲ್ಲವೊಂದೇ.

ಬೆಲೆ ಏರುವವರೆಗೆ ಕಾಯಬಾರದೇ? ಕೆನಡಾದ ಕ್ವಿಬೆಕ್‌ನಲ್ಲಿ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ರೈತರು 2000ದಿಂದ ಹಾಗೆಯೇ ಮಾಡುತ್ತಿದ್ದಾರೆ. ಹೆಚ್ಚಾದ ಪಾಕವನ್ನು ಒಟ್ಟಾಗಿ ಪೀಪಾಯಿಗಳಲ್ಲಿ ಕೂಡಿಟ್ಟು, ಫಸಲು ಕಡಿಮೆಯಾದಾಗ ಮಾರುತ್ತಾರೆ. ನಮ್ಮ ಬೆಲ್ಲವೋ ಮಳೆಗಾಲದ ತೇವಕ್ಕೆ ನೀರೊಡೆಯುತ್ತದೆ. ಬಂದ ಬೆಲೆಗೆ ಕೊಡಲೇಬೇಕು.

ಆಗ ಉಳಿಯುವ ಪೈಪೋಟಿ ಬಣ್ಣದ್ದು. ಹೊಂಬಣ್ಣದ ಅಚ್ಚಿಗೆ ಗಿರಾಕಿ ಹೆಚ್ಚು; ಅದಕ್ಕೆಂದೇ ಕೆಲವರು ಪಾಕಕ್ಕೆ ಹೈಡ್ರೋಸ್ ಹಾಕುತ್ತಾರೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಹೈಡ್ರೋಸ್ ಮುಟ್ಟಿಸದವನ ಕಂದು ಬೆಲ್ಲ ಮಂಡಿಯಲ್ಲಿ ಹಿಂದೆ ಬೀಳುತ್ತದೆ.

ಅಂಗಡಿಯಲ್ಲಿ ನಾವು ಯಾವ ಅಚ್ಚಿನತ್ತ ಕೈ ಚಾಚುತ್ತೇವೆ? ಬೆಲೆ ಕಟ್ಟುವವರಲ್ಲಿ ನಾವೂ ಒಬ್ಬರು.